ಮುಟ್ಟಗೊಡದ ಹೊಕ್ಕುಳು

"ಹೊಟ್ಟೆ ಬೇಕಾದ್ರೆ ನೋಡ್ಕೊಳ್ಳಿ ಸಿಸ್ಟರ್. ಹೊಕ್ಕುಳಿಗೆ ಮಾತ್ರ ಕೈ ಹಾಕೋ ಹಾಗಿಲ್ಲ."

ಇನುಕಾಯಿ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದು ನಿಂತಿದ್ದರು. ಸರೋವರದ ದಡದಲ್ಲಿ ಗಾಳದ ಹುಳು ಮಾರುವ ಅಂಗಡಿ ಅವರದು. ಮೇಜಿನ ಮೇಲಿನ ಡಬ್ಬಿಗಳಲ್ಲಿ ಮರದ ಪುಡಿಯ ನಡುವೆ ಹುಳುಗಳು ಹೊರಳಾಡುತ್ತಿದ್ದವು. ಹುಳು ಎಣಿಸಿದ ಕೈಯಲ್ಲೇ ಅಂಗಿ ಎತ್ತಿದ್ದರು. ಬಾಯಲ್ಲಿ ಸಿಗರೇಟು ಬೇರೆ.

ಆ ಹೊಟ್ಟೆ ನೋಡಿ ನನಗೆ ಸಿಟ್ಟೇ ಬಂತು. ಹೊಕ್ಕುಳಿನ ಒಳಗಿದ್ದ ಆಪರೇಷನ್ ಗಾಯ ಅಷ್ಟು ಚೆನ್ನಾಗಿ ಕೂಡಿಕೊಂಡಿತ್ತು. ಕೆಂಪಿಲ್ಲ, ಊತವಿಲ್ಲ, ಕೀವಿನ ಸುಳಿವೇ ಇಲ್ಲ. ಹುಡುಕಿದರೂ ಗುರುತು ಸಿಗದ ಹಾಗಿತ್ತು.

ನಾನು ಹಾಶಿಗುಚಿ ತೊಮೊಯೆ. ತೆರುನುಮಾ ಆಸ್ಪತ್ರೆಯಲ್ಲಿ ಸೋಂಕು ತಡೆಯುವ ನರ್ಸು. ಡಾಕ್ಟರುಗಳ ಬೆನ್ನು ಹತ್ತಿ ಕೈ ತೊಳೆದಿರಾ ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಮದುವೆ ಮನೆಗೆ ಹೋದರೂ ಜನ ನನ್ನನ್ನು ಕಂಡ ಕೂಡಲೇ ಕೈ ಒರೆಸಿಕೊಳ್ಳುತ್ತಾರೆ.

ಏಪ್ರಿಲ್‌ನಲ್ಲಿ ಬಂದ ಹೊಸ ಸರ್ಜನ್ ಡಾಕ್ಟರ್ ಅರಿಮುರ ಪಿತ್ತಕೋಶ ತೆಗೆದ ಇಪ್ಪತ್ತೆರಡು ಜನರಲ್ಲಿ ಏಳು ಜನ ತಿಂಗಳೊಳಗೆ ಕೀವು ತುಂಬಿದ ಗಾಯ ಹೊತ್ತು ವಾಪಸ್ ಬಂದಿದ್ದರು. ಅವಳ ಕೈಯಿಂದ ಚಾಕು ಕಸಿದುಕೊಳ್ಳಬೇಕೋ ಬೇಡವೋ ಎಂದು ಇವತ್ತು ಸಂಜೆ ಐದು ಗಂಟೆಗೆ ಮುಖ್ಯಸ್ಥರು ತೀರ್ಮಾನಿಸುವವರಿದ್ದರು. ಆಗಲೇ ಬೆಳಿಗ್ಗೆ ಹನ್ನೊಂದಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಇನುಕಾಯಿಯ ಹೊಟ್ಟೆ ಒಂದೇ.

ನನ್ನ ಕಸುಬಿನಲ್ಲಿ ಹಳೇ ಕಳ್ಳರ ಪಟ್ಟಿ ಒಂದಿದೆ. ಗಾಯ ಕೆಟ್ಟರೆ ಮೊದಲು ಆ ಪಟ್ಟಿಯನ್ನೇ ಹಿಡಿದು ವಿಚಾರಿಸುತ್ತೇವೆ. ಸಕ್ಕರೆ ಕಾಯಿಲೆ, ಸಿಗರೇಟು, ಬೊಜ್ಜು, ವಯಸ್ಸು, ಹೊತ್ತು ಮೀರಿದ ಆಪರೇಷನ್. ಇನುಕಾಯಿಗೆ ಐದೂ ಇದ್ದವು. ಅವರ ಕೊಬ್ಬಿನ ನಡುವೆ ಪಿತ್ತಕೋಶ ಹುಡುಕಲು ಅರಿಮುರಳಿಗೆ ಮೂರು ಗಂಟೆ ಹಿಡಿದಿತ್ತು.

ಆ ಕಡೆ, ಗಾಯ ಕೆಟ್ಟ ಏಳು ಜನರಲ್ಲಿ ಒಬ್ಬಳು, ಉತ್ಸುಗಿ ಎಂಬ ಈಜು ಕಲಿಸುವ ಹುಡುಗಿ. ಮೂವತ್ತೊಂದು ವರ್ಷ, ಬಳ್ಳಿಯಂಥ ಮೈ, ಸಿಗರೇಟಿನ ವಾಸನೆ ಕಂಡರೆ ದೂರ ಸರಿಯುವವಳು. ಆಪರೇಷನ್ ಮುಗಿದದ್ದು ನಲವತ್ತು ನಿಮಿಷಕ್ಕೆ. ಅವಳ ಹೊಕ್ಕುಳು ಎರಡು ತಿಂಗಳಿಂದ ಸೋರುತ್ತಿದೆ. ಎರಡು ಸಲ ಬಿಡಿಸಿ ತೊಳೆದರು, ಮೂರು ಬಗೆಯ ಔಷಧಿ ಕೊಟ್ಟರು. ಕೊಳದ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಮಕ್ಕಳಿಗೆ ಕಲಿಸುತ್ತಾಳೆ.

ಕೆಡಬೇಕಾದದ್ದು ಕೆಡಲಿಲ್ಲ, ಕೆಡಬಾರದ್ದು ಕೆಟ್ಟಿತು. ಹಾಗಾದರೆ ಕಳ್ಳ ನನ್ನ ಪಟ್ಟಿಯಲ್ಲೇ ಇಲ್ಲ.

"ಇನುಕಾಯಿ ಸಾನ್, ಆಪರೇಷನ್ ಹಿಂದಿನ ದಿನ ಏನೇನಾಯ್ತು, ಒಂದೂ ಬಿಡದೆ ಹೇಳಿ."

"ಏನಾಗುತ್ತೆ? ಊಟ ಕೊಡ್ಲಿಲ್ಲ. ಅದೊಂದು ಚೆನ್ನಾಗಿ ನೆನಪಿದೆ."

"ಅದು ಬಿಟ್ಟು?"

"ಸ್ನಾನ ಮಾಡಿ ಅಂದ್ರು, ಮಾಡ್ದೆ. ಉಗುರು ಕತ್ತರಿಸಿ ಅಂದ್ರು, ಕತ್ತರಿಸ್ದೆ. ಆಮೇಲೆ ಆ ಹಿರೀ ನರ್ಸಮ್ಮ ಹತ್ತಿ ಸುತ್ತಿದ ಕಡ್ಡಿ, ಎಣ್ಣೆ ಬಾಟ್ಲಿ ಹಿಡ್ಕೊಂಡು ಬಂದ್ರು. ಹೊಕ್ಕುಳು ತೋರ್ಸಿ ಅಂದ್ರು. ನಾನು ಹೊದಿಕೆ ಕುತ್ತಿಗೆ ತನಕ ಎಳ್ಕೊಂಡೆ."

"ಯಾಕೆ?"

"ಯಾಕೆ ಅಂತ ನೀವು ಕೇಳ್ತೀರಾ? ಹೊಕ್ಕುಳು ಕೆರೆದ್ರೆ ಹೊಟ್ಟೆನೋವು ಬರುತ್ತೆ ಅಂತ ನಿಮ್ಮಮ್ಮ ಹೇಳಿರ್ಲಿಲ್ವಾ? ಬಿಟ್ಕೊಂಡು ಓಡಾಡಿದ್ರೆ ಗುಡುಗಿನ ದೇವರು ಕಿತ್ಕೊಂಡು ಹೋಗ್ತಾನೆ ಅಂತ? ಅರವತ್ತೆಂಟು ವರ್ಷ ಕಾಪಾಡ್ಕೊಂಡು ಬಂದಿದೀನಿ. ಯಾರೋ ಕೇಳಿದ್ರು ಅಂತ ಕೊಟ್ಬಿಡ್ಲಾ?"

ನಮ್ಮಮ್ಮನೂ ಹೇಳಿದ್ದಳು. ನಮ್ಮಲ್ಲಿ ಎಲ್ಲರ ಅಮ್ಮಂದಿರೂ ಹೇಳುತ್ತಾರೆ. ಮೈಯೆಲ್ಲ ಉಜ್ಜಿ ಉಜ್ಜಿ ತೊಳೆಯುವ ಜನ ನಾವು, ಹೊಕ್ಕುಳನ್ನು ಮಾತ್ರ ಬಿಟ್ಟುಬಿಡುತ್ತೇವೆ. ಅದಕ್ಕೇ ಹೊಟ್ಟೆಯ ಆಪರೇಷನ್ ಎಂದರೆ ಹಿಂದಿನ ದಿನ ನರ್ಸು ಹೋಗಿ ಹೊಕ್ಕುಳಿಗೆ ಆಲಿವ್ ಎಣ್ಣೆ ಬಿಟ್ಟು, ನೆನೆಸಿ, ವರ್ಷಗಟ್ಟಲೆಯ ಕೊಳೆಯನ್ನು ಹತ್ತಿಯಲ್ಲಿ ತೆಗೆಯುತ್ತಾಳೆ. ಈ ಕೆಲಸವನ್ನು ನಾನೇ ಸಾವಿರ ಸಲ ಮಾಡಿದ್ದೇನೆ. ಎಷ್ಟು ಮಾಮೂಲು ಎಂದರೆ, ಈ ವಿಚಾರಣೆಗೆಂದು ನಾನು ತಯಾರಿಸಿದ ಅರವತ್ತು ಪ್ರಶ್ನೆಗಳಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೇ.

"ಹಾಗಾದ್ರೆ ನಿಮಗೆ ಎಣ್ಣೆ ಹಾಕ್ಲೇ ಇಲ್ಲ?"

"ಒಂದು ತೊಟ್ಟೂ ಇಲ್ಲ. ಆಯಮ್ಮ ಬೈದಿದ್ದು ಕೇಳಬೇಕಿತ್ತು ನೀವು. ನನ್ನ ಹೆಂಡ್ತಿ ವಾಸಿ ಅನ್ನಿಸ್ತು. ಕಡೆಗೆ ಡಾಕ್ಟ್ರಮ್ಮನ ಹತ್ರ ಚಾಡಿ ಹೇಳಿದ್ರು. ಅವರು ನಕ್ಕುಬಿಟ್ಟು, ನಿದ್ದೆ ಬಂದ ಮೇಲೆ ನಾನೇ ಔಷಧಿ ಹಾಕಿ ಕ್ಲೀನ್ ಮಾಡ್ಕೋತೀನಿ ಬಿಡಿ ಅಂದ್ರಂತೆ." ಇನುಕಾಯಿ ಅಂಗಿ ಇಳಿಸಿದರು. "ಒಳ್ಳೇ ಹುಡುಗಿ. ಅವಳನ್ನ ಓಡಿಸ್ತಾರಂತೆ, ಹೌದಾ?"

"ಓಡಿಸೋಕೆ ಬಿಟ್ರೆ ತಾನೆ."

ಕಾರಿನ ಹತ್ತಿರ ಬರುವಷ್ಟರಲ್ಲಿ ಫೋನು ಬಂತು. ಅರಿಮುರಳೇ. ಸರೋವರದ ಆಚೆ ದಡದಲ್ಲಿ ನಮ್ಮ ಆಸ್ಪತ್ರೆಯ ಸಣ್ಣ ಶಾಖೆಯಿದೆ. ಅಲ್ಲಿನ ಸರ್ಜನ್ ಸೊಂಟ ಹಿಡಿದು ಮಲಗಿದ್ದರಿಂದ ಇವಳನ್ನು ಒಂದು ಆಪರೇಷನ್‌ಗೆ ಕಳಿಸಿದ್ದರು. ಶಿಶುವಿಹಾರದ ಮುಖ್ಯೋಪಾಧ್ಯಾಯಿನಿಯೊಬ್ಬರ ಪಿತ್ತಕೋಶ, ನಾಲ್ಕು ಗಂಟೆಗೆ.

"ಹಾಶಿಗುಚಿ ಸಾನ್, ಬೆಳಿಗ್ಗೆಯಿಂದ ಮೂರು ಸಲ ಕೈ ಉಜ್ಜಿದೆ. ಇನ್ನೊಂದು ಸಲ ಉಜ್ಜಿದ್ರೆ ಮೂಳೆ ಕಾಣುತ್ತೆ."

"ಸಾಕು ನಿಲ್ಸಿ. ಒಡೆದ ಚರ್ಮದಲ್ಲೇ ಕ್ರಿಮಿ ಕೂರೋದು."

ಅವಳು ನಗಲಿಲ್ಲ. "ಇಲ್ಲಿ ರೂಮು ಬೇರೆ, ಸಾಮಾನು ಬೇರೆ, ನರ್ಸುಗಳು ಬೇರೆ. ಅಲ್ಲಿಂದ ಇಲ್ಲಿಗೆ ಬಂದಿರೋದು ನನ್ನ ಕೈ ಮಾತ್ರ. ಈ ಗಾಯ ಕೂಡ್ಕೊಂಡ್ರೆ ಸರಿ. ಇದೂ ಕೆಟ್ರೆ ಮುಖ್ಯಸ್ಥರು ಏನೂ ಹೇಳಬೇಕಾಗಿಲ್ಲ, ನಾನೇ ಚಾಕು ಕೆಳಗಿಡ್ತೀನಿ. ಮತ್ತೆ ಎತ್ತಲ್ಲ."

"ಹುಚ್ಚು ಮಾತಾಡಬೇಡಿ ಡಾಕ್ಟ್ರೇ. ನನಗೆ ಒಂದು ಎಳೆ ಸಿಕ್ಕಿದೆ. ಸಂಜೆ ತನಕ ಸಮಯ ಕೊಡಿ."

"ಹತ್ತು ವರ್ಷ ಕಲಿತಿದೀನಿ ಇದನ್ನ," ಎಂದಳು. ಆ ಮಾತು ನನಗೆ ಹೇಳಿದ್ದಲ್ಲ.

ಆಸ್ಪತ್ರೆಗೆ ಬಂದವಳೇ ವಾರ್ಡಿನ ದಾಖಲೆ ತೆಗೆದೆ. ಹೊಕ್ಕುಳು ಸ್ವಚ್ಛ ಮಾಡಿದವರು ಯಾರು ಎಂಬ ಕಡೆ ಸಣ್ಣದೊಂದು ಹೆಸರಿನ ಮೊಹರು ಇರುತ್ತದೆ. ಇಪ್ಪತ್ತೆರಡು ಹಾಳೆ. ಹನ್ನೆರಡರಲ್ಲಿ ಬೇರೆ ಬೇರೆ ನರ್ಸುಗಳ ಮೊಹರು. ಈ ಕಾಲದ ಹುಡುಗಿಯರು ಒಬ್ಬರಿಗೆ ಒಂದರಂತೆ ಸಣ್ಣ ಎಣ್ಣೆ ಪ್ಯಾಕೆಟ್ ಒಡೆಯುತ್ತಾರೆ, ಉಳಿದದ್ದನ್ನು ಎಸೆಯುತ್ತಾರೆ. ಆ ಹನ್ನೆರಡು ಜನರೂ ಆರಾಮ. ಒಂದು ಹಾಳೆ ಇನುಕಾಯಿಯದು, "ರೋಗಿ ಒಪ್ಪಲಿಲ್ಲ" ಎಂದು ಬರೆದಿತ್ತು.

ಉಳಿದ ಒಂಬತ್ತರಲ್ಲೂ ಒಂದೇ ಮೊಹರು. ಕುರತೊಮಿ.

ಆ ಒಂಬತ್ತರಲ್ಲಿ ಏಳು ಗಾಯ ಕೆಟ್ಟಿದ್ದವು.

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಕುರತೊಮಿ ಅಂದರೆ ನನಗೆ ಸೂಜಿ ಹಿಡಿಯಲು ಕಲಿಸಿದವರು. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಮೊದಲ ಸಲ ಸತ್ತವರನ್ನು ಮುಟ್ಟಿ ಅಳುತ್ತಾ ಕೂತಿದ್ದಾಗ, ಅನ್ನದ ಉಂಡೆ ತಂದು ಬಾಯಿಗೆ ಇಟ್ಟವರು. ನಿವೃತ್ತಿಯಾದ ಮೇಲೂ ಆಸ್ಪತ್ರೆ ಅವರನ್ನು ಬಿಡದೆ ಇಟ್ಟುಕೊಂಡಿತ್ತು. ಇನ್ನು ಐದು ವಾರಕ್ಕೆ ಅದೂ ಮುಗಿಯುತ್ತಿತ್ತು. ಬೀಳ್ಕೊಡುಗೆಗೆ ಹೂವು ಯಾವುದಿರಲಿ ಎಂದು ನನ್ನನ್ನೇ ಕೇಳಿದ್ದರು.

ಅಷ್ಟರಲ್ಲಿ ಲ್ಯಾಬಿನಿಂದ ಹೋಂಜೊ ಕರೆದ.

ಹೋಂಜೊ ಗೊಣಗುವ ಮನುಷ್ಯ. ಗಾಯದ ಕೀವನ್ನು ತಟ್ಟೆಯಲ್ಲಿ ಬೆಳೆಯಲು ಇಟ್ಟು, ಏನೂ ಬರದಿದ್ದರೆ ಮೂರನೇ ದಿನ ಎಸೆಯುವುದು ಅವನ ಪದ್ಧತಿ. ಏಳು ಜನರ ತಟ್ಟೆಗಳೂ ಹಾಗೇ ಕಸಕ್ಕೆ ಹೋಗಿದ್ದವು. ಹೋದ ವಾರ ಉತ್ಸುಗಿಯ ಕೀವು ಮತ್ತೆ ತಂದು, ಏಳು ದಿನ ಇದನ್ನು ಮುಟ್ಟಬೇಡ ಎಂದು ಬೇಡಿಕೊಂಡಿದ್ದೆ, ಅವನ ಕಾಲು ಹಿಡಿಯುವುದೊಂದು ಬಾಕಿ ಇತ್ತು.

"ಜಾಗ ಇಲ್ಲ, ಜಾಗ ಇಲ್ಲ ಅಂತ ಬೈಕೊಂಡೇ ಇಟ್ಟಿದ್ದೆ," ಎಂದ. "ನೋಡಿ."

ತಟ್ಟೆಯ ಮೇಲೆ ರವೆ ಉದುರಿಸಿದ ಹಾಗೆ ಒಣ ಒಣ ಚುಕ್ಕೆಗಳು.

"ಯಾರಿವರು?"

"ಕ್ಷಯದ ಕ್ರಿಮಿಗೆ ದೂರದ ನೆಂಟ. ಕ್ಷಯದಷ್ಟು ಕೆಟ್ಟವನಲ್ಲ, ಆದ್ರೆ ಹಟಮಾರಿ. ಮೂರು ದಿನಕ್ಕೆ ತಲೆ ಎತ್ತಲ್ಲ, ಐದಾರು ದಿನ ಬೇಕು. ಗಾಯದಲ್ಲೂ ಅಷ್ಟೇ, ಮೂರ್ನಾಲ್ಕು ವಾರ ತೆಪ್ಪಗಿದ್ದು ಆಮೇಲೆ ಕೀವು ತೋರಿಸ್ತಾನೆ. ಮಾಮೂಲಿ ಔಷಧಿಗೆ ಸೊಪ್ಪು ಹಾಕಲ್ಲ."

"ಇರೋದು ಎಲ್ಲಿ?"

"ನಲ್ಲಿ ನೀರಲ್ಲಿ. ಎಲ್ಲರ ಮನೇಲೂ ಇರ್ತಾನೆ, ಕುಡಿದ್ರೆ ಏನೂ ಆಗಲ್ಲ. ಕೊಯ್ದ ಜಾಗಕ್ಕೆ ಹೋಗಬಾರದು ಅಷ್ಟೇ. ಮೈಗೆ ಮೇಣದ ಅಂಗಿ ಹಾಕ್ಕೊಂಡಿರ್ತಾನೆ. ಅದಕ್ಕೇ ಜಿಡ್ಡು ಅಂದ್ರೆ ಅವನಿಗೆ ಮಾವನ ಮನೆ."

"ಎಣ್ಣೆ?"

ಹೋಂಜೊ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಎಣ್ಣೆ ಅಂದ್ರೆ ಹಬ್ಬ."

ನಾನು ವಾರ್ಡಿಗೆ ನಡೆದೆ. ಗಂಟೆ ಎರಡೂವರೆ.

ಡ್ರೆಸ್ಸಿಂಗ್ ಕೋಣೆಯಲ್ಲಿ ಕುರತೊಮಿ ಒಬ್ಬರೇ ಇದ್ದರು. ಬೇಸಿನ್ನಿನ ಬೆಚ್ಚನೆ ನೀರಿನಲ್ಲಿ ಕಂದು ಗಾಜಿನ ಬಾಟಲಿ ನಿಂತಿತ್ತು. ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದರು, ಕೂಸಿಗೆ ಹಾಲು ಕುಡಿಸುವ ಮುನ್ನ ನೋಡುತ್ತಾರಲ್ಲ, ಹಾಗೆ.

"ಬಾ ತೊಮೊ. ಮುಖ ಏನು ಹಾಗಿದೆ? ಊಟ ಮಾಡಿಲ್ಲ ಅಲ್ವಾ?"

"ಅದು ಯಾರಿಗೆ, ಎಣ್ಣೆ?"

"ನಾಳೆ ಒಬ್ಬರಿದ್ದಾರೆ, ಕರುಳಿಂದು."

"ಕುರತೊಮಿ ಸಾನ್, ಈ ಬಾಟ್ಲಿ ಕೊನೇ ಸಲ ಖಾಲಿ ಆಗಿದ್ದು ಯಾವಾಗ?"

"ಖಾಲಿ ಯಾಕಾಗುತ್ತೆ? ಅರ್ಧಕ್ಕೆ ಬಂದ ಕೂಡ್ಲೇ ತುಂಬಿಸ್ತೀನಲ್ಲ."

"ತೊಳೆದಿದ್ದು?"

"ಮೂತಿ ದಿನಾ ತೊಳೀತೀನಿ, ನಲ್ಲಿ ಕೆಳಗೆ ಹಿಡಿದು. ಒಳಗೆ ಎಣ್ಣೆ ಇರುವಾಗ ಒಳಗೆ ಹೇಗೆ ತೊಳೀತಾರೆ?" ಅವರು ಬಾಟಲಿಯನ್ನು ಬಟ್ಟೆಯಿಂದ ಒರೆಸಿದರು. "ಏನಿದು, ನನ್ನನ್ನೇ ಪರೀಕ್ಷೆಗೆ ಕೂರಿಸಿದ್ದೀಯಾ?"

"ಪ್ಯಾಕೆಟ್ ಯಾಕೆ ಉಪಯೋಗಿಸಲ್ಲ ನೀವು?"

"ಒಂದು ಹೊಕ್ಕುಳಿಗೆ ನಾಲ್ಕು ತೊಟ್ಟು ಸಾಕು. ಉಳಿದಿದ್ದು ಸೀದಾ ಕಸದ ಬುಟ್ಟಿಗೆ. ಒಳ್ಳೇ ಎಣ್ಣೆ ಎಸೆಯೋಕೆ ಕೈ ಬರುತ್ತಾ ನಿಂಗೆ? ನನಗೆ ಬರಲ್ಲ."

ನಾನು ಒಂಬತ್ತು ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಬಾಟ್ಲಿ ಎಣ್ಣೆ ಒಂಬತ್ತು ಜನಕ್ಕೆ, ಕೆಟ್ಟದ್ದು ಏಳು. ಪ್ಯಾಕೆಟ್ ಹನ್ನೆರಡು ಜನಕ್ಕೆ, ಕೆಟ್ಟದ್ದು ಸೊನ್ನೆ. ಇಷ್ಟೇ ಹೇಳಿದೆ. ಅವರು ಹಾಳೆಗಳನ್ನು ಒಂದೊಂದಾಗಿ ಓದಿದರು. ಕಿವಿ ಕೆಂಪಾಯಿತು.

"ಮೂವತ್ತೆಂಟು ವರ್ಷದಿಂದ ಈ ವಾರ್ಡಲ್ಲಿದೀನಿ," ಎಂದರು. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಈ ಬಾಟ್ಲಿನೂ ಅಷ್ಟೇ ವರ್ಷದಿಂದಿದೆ. ಒಬ್ಬರ ಹೊಟ್ಟೆನೂ ಕೆಟ್ಟಿಲ್ಲ. ಏಪ್ರಿಲ್‌ನಲ್ಲಿ ಆ ಹುಡುಗಿ ಬಂದ್ಲು, ಗಾಯ ಕೆಡೋಕೆ ಶುರುವಾಯ್ತು. ನೀನು ಬಂದು ಬಾಟ್ಲಿ ಹಿಡ್ಕೊಂಡಿದೀಯಾ."

"ಹಳೇ ಸರ್ಜನ್‌ಗಳು ಹೊಕ್ಕುಳಿನ ಕೆಳಗೆ ಕೊಯ್ತಿದ್ರು. ಅರಿಮುರ ಹೊಕ್ಕುಳಿನ ಒಳಗಿಂದಲೇ ಹೋಗ್ತಾಳೆ, ಗುರುತು ಕಾಣಬಾರದು ಅಂತ. ಬಾಟ್ಲಿ ಹಳೇದೇ. ದಾರಿ ಹೊಸದು."

"ಕೊಯ್ಯೋ ಮುಂಚೆ ಔಷಧಿ ಬಳೀತಾರಲ್ಲ?"

"ಎಣ್ಣೆ ಇಂಗಿದ ಮಡಿಕೆ ಮೇಲೆ ಔಷಧಿ ಬಳಿದ್ರೆ ಕೆಸುವಿನ ಎಲೆ ಮೇಲೆ ನೀರು ಹಾಕಿದ ಹಾಗೆ. ಒಳಗೆ ಇಳಿಯಲ್ಲ."

ಅವರು ಹಾಳೆಗಳನ್ನು ಜೋಡಿಸಿ ನನ್ನತ್ತ ಸರಿಸಿದರು. ಆಮೇಲೆ, "ನಮ್ಮಪ್ಪನ ಅಂಗಡಿ ಗೊತ್ತಲ್ಲ ನಿಂಗೆ," ಎಂದರು.

ಗೊತ್ತಿಲ್ಲದೇ ಏನು? ಈ ಊರಿನಲ್ಲಿ ಸುಟ್ಟ ಹಾವುಮೀನು ತಿನ್ನಬೇಕಾದರೆ ಕುರತೊಮಿಯವರ ಅಂಗಡಿಗೇ ಹೋಗಬೇಕು. ಅಲ್ಲಿ ಮೀನು ಅದ್ದುವ ಗೊಜ್ಜಿನ ಗಡಿಗೆಯನ್ನು ಅವರ ತಾತನ ಕಾಲದಿಂದ ಖಾಲಿ ಮಾಡಿಲ್ಲ. ಕಡಿಮೆಯಾದ ಹಾಗೆ ಹೊಸದನ್ನು ಸುರಿಯುತ್ತಾರೆ. ಹಳೆಯದು ಎಷ್ಟು ಹಳೆಯದೋ ಅಷ್ಟು ಹೆಮ್ಮೆ.

"ಅಂಗಡಿಗೆ ಬೆಂಕಿ ಬಿದ್ದಾಗ ನಮ್ಮಪ್ಪ ಹಾಸಿಗೆ ಬಟ್ಟೆ ಎಲ್ಲ ಬಿಟ್ಟು ಗಡಿಗೆ ತಬ್ಕೊಂಡು ಓಡಿದ್ರು. ನಮ್ಮಮ್ಮ ಸಾಯೋ ತನಕ ಅದನ್ನೇ ಹೇಳಿ ಬೈತಿದ್ಲು, ನನ್ನನ್ನು ಬಿಟ್ಟು ಗಡಿಗೆ ಎತ್ಕೊಂಡ ಗಂಡ ಅಂತ. ಹಳೇದಕ್ಕೆ ಹೊಸದು ಸೇರಿಸ್ತಾ ಹೋದ್ರೆ ಹಳೇದರ ಗುಣ ಹೊಸದಕ್ಕೂ ಬರುತ್ತೆ. ಹಾಗೇ ಬೆಳೆದವಳು ನಾನು. ಎಪ್ಪತ್ತು ವರ್ಷದಲ್ಲಿ ಆ ಗಡಿಗೆಯಿಂದ ಯಾರಾದ್ರೂ ಸತ್ರಾ?"

"ಇಲ್ಲ. ಆ ಗಡಿಗೆಗೆ ದಿನಾ ಸುಡ್ತಾ ಇರೋ ಮೀನು ಅದ್ದುತ್ತಾರೆ. ದಿನಾ ಒಲೆ ಮೇಲೆ ಇಡ್ತಾರೆ." ನಾನು ಬಾಟಲಿಯತ್ತ ಕೈ ತೋರಿಸಿದೆ. "ಈ ಬಾಟ್ಲಿ ಯಾವತ್ತಾದ್ರೂ ಕುದ್ದಿದೆಯಾ, ಕುರತೊಮಿ ಸಾನ್?"

ಅವರು ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕಂದು ಗಾಜಿನ ಹಿಂದೆ ಎಣ್ಣೆ ಹೊನ್ನಿನ ಬಣ್ಣದಲ್ಲಿ ಹೊಳೆಯಿತು. ತಳದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು ಉರುಳಾಡುತ್ತಿದ್ದವು.

"ನೀರು," ಎಂದರು.

"ಹೌದು."

"ಬೇಸಿನ್ನಿಂದ ಹೋಗಿದೆ. ಇಲ್ಲಾ ಮೂತಿ ತೊಳೆಯುವಾಗ."

"ಹೌದು."

"ತಣ್ಣನೆ ಎಣ್ಣೆ ಬಿದ್ರೆ ಬೆಚ್ಚಿಬೀಳ್ತಾರೆ ತೊಮೊ. ಮೊದಲೇ ನಾಳೆ ಆಪರೇಷನ್ ಅಂತ ಹೆದರ್ಕೊಂಡಿರ್ತಾರೆ. ಅದಕ್ಕೇ ಬೆಚ್ಚಗೆ ಮಾಡ್ತಿದ್ದೆ. ಅಷ್ಟೇ."

ಅಲ್ಲಿಯವರೆಗೂ ತಡೆದುಕೊಂಡಿದ್ದೆ. ಆ ಮಾತು ಕೇಳಿ ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಅವರು ಅಳಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟು, "ಮೂಗು ಒರೆಸ್ಕೊ. ಅಳ್ತಾ ಕೂತ್ರೆ ಆ ಏಳು ಜನಕ್ಕೆ ವಾಸಿ ಆಗಲ್ಲ," ಎಂದರು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ಹೊರಟರು. "ನಡಿ ಲ್ಯಾಬಿಗೆ. ನಾನೇ ನೋಡಬೇಕು."

ಲ್ಯಾಬಿನಲ್ಲಿ ಹೋಂಜೊ ಅವರನ್ನು ಕಂಡು ಎದ್ದು ನಿಂತ. ಗೊಣಗಾಟ ನಿಂತೇ ಹೋಯಿತು. ತಳದ ನೀರನ್ನು ಹೀರಿ, ಗಾಜಿನ ಮೇಲೆ ಸವರಿ, ಒಣಗಿಸಿ, ಕೆಂಪು ಬಣ್ಣ ಹಾಕಿ ಕಾಯಿಸಿದ. ಆಮೇಲೆ ಆಮ್ಲದಲ್ಲಿ ತೊಳೆದ. ಬೇರೆ ಕ್ರಿಮಿಗಳೆಲ್ಲ ಆಮ್ಲ ಬಿದ್ದ ಕೂಡಲೇ ಕೆಂಪು ಬಿಟ್ಟು, ಕಡೆಗೆ ಹಾಕುವ ನೀಲಿ ಹಿಡಿಯುತ್ತವೆ. ಮೇಣದ ಅಂಗಿಯವನು ಮಾತ್ರ ಬಿಡುವುದಿಲ್ಲ.

ಮುಕ್ಕಾಲು ಗಂಟೆ ಹಿಡಿಯಿತು. ಕುರತೊಮಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಒಮ್ಮೆ ಮಾತ್ರ ಮಾತಾಡಿದರು.

"ಆ ಈಜಿನ ಹುಡುಗಿಗೆ, ನಿಮ್ಮ ಮೈಯ ಗುಣವೇ ಹಾಗಿರಬೇಕು ಅಂತ ಹೇಳಿದವಳು ನಾನೇ."

ಹೋಂಜೊ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಜಾಗ ಬಿಟ್ಟುಕೊಟ್ಟ. ಕುರತೊಮಿ ಬಾಗಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಕೆಂಪಗಿದೆ," ಎಂದರು.

ನಾನೂ ನೋಡಿದೆ. ನೀಲಿಯ ಮೇಲೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು, ಯಾರೋ ಕುಂಕುಮದಲ್ಲಿ ಗೀರಿದ ಹಾಗೆ.

"ಗಾಯದವನೂ ಬಾಟ್ಲಿಯವನೂ ಒಬ್ಬನೇ ಅಂತ ಬರೆದುಕೊಡೋಕೆ ಇನ್ನೊಂದು ವಾರ ಬೇಕು," ಎಂದ ಹೋಂಜೊ. "ಆದ್ರೆ ಕುಲ ಅದೇ. ಈಗ ಕುಲ ಗೊತ್ತಾಯ್ತಲ್ಲ, ಔಷಧಿ ಇದೆ. ಎರಡು ಮೂರು ಬೆರೆಸಿ ಕೊಡಬೇಕು. ನಾಲ್ಕು ತಿಂಗಳು, ಆರು ತಿಂಗಳು ಆಗಬಹುದು. ವಾಸಿ ಆಗುತ್ತೆ. ಹೆಚ್ಚಿನವರಿಗೆ ಪೂರ್ತಿ ವಾಸಿ ಆಗುತ್ತೆ."

"ಈಜಬಹುದಾ?" ಕುರತೊಮಿ ಕೇಳಿದರು.

"ಮುಂದಿನ ಬೇಸಿಗೆಗೆ ಈಜ್ತಾರೆ."

ನಾಲ್ಕು ತಿಂಗಳಿಂದ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಏಳು ಜನರಿಗೆ ಕಾಯಿಲೆಯ ಹೆಸರು ಸಿಕ್ಕಿತು, ಔಷಧಿಯೂ ಸಿಕ್ಕಿತು. ಒಬ್ಬಳಿಗೆ ಅವಳ ಕೈ ವಾಪಸ್ ಸಿಕ್ಕಿತು. ಯಾವ ಕೇಡಿಗರೂ ಇಲ್ಲದ ಪತ್ತೆ ಇದು, ಇಂಥದ್ದು ನನ್ನ ಕಸುಬಿನಲ್ಲಿ ಅಪರೂಪ.

ಕುರತೊಮಿ ಸಮವಸ್ತ್ರದ ಸುಕ್ಕು ಎಳೆದುಕೊಂಡರು. "ಐದು ಗಂಟೆಗೆ ಮುಖ್ಯಸ್ಥರ ಹತ್ರ ನಾನೇ ಹೋಗ್ತೀನಿ. ಬಾಟ್ಲಿ ನಂದು, ಮಾತು ನಂದು. ನೀನು ಹಿಂದೆ ನಿಂತ್ಕೊ, ಸಾಕು."

"ಐದು ವಾರ ಇರೋದು ನಿಮಗೆ. ಹೀಗೆ..."

"ಹೇಗೆ ಹೋದ್ರೆ ಏನು? ಸುಳ್ಳು ಹೊತ್ಕೊಂಡು ಹೂವು ಇಸ್ಕೊಳ್ಳೋಕಿಂತ ವಾಸಿ. ಆ ಹುಡುಗಿ ಕೈ ಕೊಳಕು ಅಂತ ನಾನೇ ನಾಲ್ಕು ಜನರ ಎದುರು ಆಡಿದ್ದೆ. ಅವಳ ಕಾಲಿಗೆ ಬೀಳಬೇಕು. ಎಲ್ಲಿದ್ದಾಳೆ ಇವತ್ತು?"

"ಆಚೆ ದಡದ ಶಾಖೇಲಿ. ನಾಲ್ಕು ಗಂಟೆಗೆ ಒಂದು ಪಿತ್ತಕೋಶ ಇದೆ."

ಕುರತೊಮಿಯ ಕೈ ಸುಕ್ಕಿನ ಮೇಲೆ ಹಾಗೇ ನಿಂತಿತು.

"ಶಾಖೆಲಿ ವಾರ್ಡು ನೋಡ್ಕೊಳ್ತಿರೋದು ನಾಗಿಸ," ಎಂದರು.

"ಹೌದು, ನಿಮ್ಮ ಹತ್ರ ಕಲಿತ ಹುಡುಗಿ. ಯಾಕೆ?"

"ಅಪ್ಪನ ಹತ್ರ ಕೆಲಸ ಕಲಿತವರು ಬೇರೆ ಅಂಗಡಿ ಇಡೋಕೆ ಹೊರಟಾಗ ಅಪ್ಪ ಗಡಿಗೆಯಿಂದ ಎರಡು ಸೌಟು ತುಂಬಿ ಕೊಟ್ಟು ಕಳಿಸ್ತಿದ್ರು. ಹೊಸ ಗಡಿಗೆಗೆ ಅದೇ ಹೆಪ್ಪು. ಅದಕ್ಕಿಂತ ದೊಡ್ಡ ಆಶೀರ್ವಾದ ಇಲ್ಲ ಅಂತ." ಅವರು ನನ್ನ ಮುಖ ನೋಡಲಿಲ್ಲ. "ನಾಗಿಸ ಶಾಖೆಗೆ ಹೊರಟಾಗ, ಹೋದ ವರ್ಷ, ಈ ಬಾಟ್ಲಿಯಿಂದ ಅರ್ಧ ಸುರಿದು ಕೊಟ್ಟೆ."

ಗೋಡೆಯ ಗಡಿಯಾರ ನೋಡಿದೆ. ನಾಲ್ಕಕ್ಕೆ ಹದಿನಾಲ್ಕು ನಿಮಿಷ. ಇಷ್ಟು ವರ್ಷ ಹೊಕ್ಕುಳಿನೊಳಗೆ ಕೊಯ್ಯುವವರು ಆ ಶಾಖೆಗೆ ಕಾಲಿಟ್ಟಿರಲಿಲ್ಲ. ಇವತ್ತು ಅರಿಮುರ ಕಾಲಿಟ್ಟಿದ್ದಳು.

ಶಾಖೆಗೆ ಫೋನು ಮಾಡಿದೆ. ನಾಗಿಸಳೇ ಎತ್ತಿದಳು, ಉಲ್ಲಾಸದ ದನಿ.

"ನಾಗಿಸ, ಪಿತ್ತಕೋಶದ ರೋಗಿಗೆ ಹೊಕ್ಕುಳು ಸ್ವಚ್ಛ ಮಾಡಿದ್ಯಾ?"

"ನಿನ್ನೇನೇ ಮಾಡಿದೆ. ಬೆಳಿಗ್ಗೆ ಇನ್ನೊಂದು ಸಲ. ಕುರತೊಮಿ ಸಾನ್ ಹೇಳಿಕೊಟ್ಟ ಹಾಗೇ, ಬೆಚ್ಚಗೆ ಮಾಡಿ. ಟೀಚರಮ್ಮನಿಗೆ ತುಂಬಾ ಹಿಡಿಸ್ತು."

"ರೋಗಿ ಎಲ್ಲಿ?"

"ಒಳಗೆ ಕರ್ಕೊಂಡು ಹೋದ್ರು. ಡಾಕ್ಟ್ರು ಬೇಗ ತಯಾರಾಗಿದ್ರು, ಅರ್ಧ ಗಂಟೆ ಮೊದಲೇ ಶುರು ಮಾಡೋಣ ಅಂದ್ರು."

"ಓಡು. ಫೋನು ಹಿಡ್ಕೊಂಡೇ ಓಡು. ಡಾಕ್ಟರ್ ಕಿವಿಗೆ ಇಡು."

ಅವಳ ಚಪ್ಪಲಿಯ ಸದ್ದು, ಬಾಗಿಲು ಸರಿದ ಸದ್ದು, ಯಾರೋ ಗದರಿದ ಸದ್ದು. ಆಮೇಲೆ ಯಂತ್ರವೊಂದು ಒಂದೇ ಸಮನೆ ಮಿಡಿಯುತ್ತಿರುವುದು ಕೇಳಿಸಿತು. ಕುರತೊಮಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಅರಿಮುರ," ಎಂದಿತು ದನಿ, ಮುಸುಕಿನ ಹಿಂದಿನಿಂದ.

ನಾನು ನಾಲ್ಕು ಮಾತಿನಲ್ಲಿ ಹೇಳಿದೆ. ಎಣ್ಣೆ. ನಲ್ಲಿ ನೀರಿನ ಕ್ರಿಮಿ. ಏಳು ಜನರಿಗೂ ಅದರಿಂದಲೇ. ಅದೇ ಎಣ್ಣೆ ಇವತ್ತು ನಿಮ್ಮ ರೋಗಿಯ ಹೊಕ್ಕುಳಿಗೂ ಬಿದ್ದಿದೆ.

ಯಂತ್ರ ಐದಾರು ಸಲ ಮಿಡಿಯಿತು.

"ಹಾಗಾದ್ರೆ ನನ್ನ ಕೈಯಲ್ಲ," ಎಂದಳು ಅರಿಮುರ.

"ಅಲ್ಲ ಡಾಕ್ಟ್ರೇ. ಯಾವತ್ತೂ ಆಗಿರ್ಲಿಲ್ಲ."

ಅವಳು ಉಸಿರು ಬಿಟ್ಟದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾಲ್ಕು ತಿಂಗಳು ಹಿಡಿದಿಟ್ಟುಕೊಂಡಿದ್ದ ಉಸಿರು ಅದು. ಮತ್ತೆ ಮಾತಾಡಿದಾಗ ದನಿಯಲ್ಲಿ ನಡುಕ ಇರಲಿಲ್ಲ.

"ಹಾಶಿಗುಚಿ ಸಾನ್," ಎಂದಳು. "ಚಾಕು ಆಗಲೇ ಹೊಕ್ಕುಳಿನೊಳಗಿದೆ."